ಉಸಿರಿಗೆ ಜಾಗವಿಲ್ಲದ ಸಾಲು

ಆ ವರ್ಷ ಧನುರ್ಮಾಸದ ಒಂದು ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ತಾನಾಗಿಯೇ ಎಡಗಡೆಯಿಂದ ಸೋರಿ ಸೀರೆಯ ಮೇಲೆ ಬಿತ್ತು. ನಿದ್ದೆಗಣ್ಣಿನ ಮಂಪರು ಇರಬೇಕು ಅಂದುಕೊಂಡು ಇನ್ನೊಂದು ಸಲ ಮುಕ್ಕಳಿಸಿದೆ. ಮತ್ತೆ ಹಾಗೇ ಆಯಿತು. ಹಿತ್ತಲಲ್ಲಿ ಒಲೆಗೆ ಸೌದೆ ಇಡುತ್ತಿದ್ದ ನನ್ನ ಗಂಡ ತಲೆಯೆತ್ತಿ ನೋಡಿ, "ಯಾಕೆ, ಮಕ ಒಂದ್ಕಡಿಕೆ ಎಳ್ದಂಗದಲ್ಲ?" ಅಂದರು. ಕನ್ನಡಿ ಮುಂದೆ ನಿಂತೆ. ನಗಲು ನೋಡಿದೆ. ಬಲಗಡೆ ಮಾತ್ರ ನಕ್ಕಿತು. ಎಡಗಣ್ಣು ಮುಚ್ಚಲು ನೋಡಿದೆ, ಮುಚ್ಚಲಿಲ್ಲ.

ಮೈಸೂರಿನ ಡಾಕ್ಟರು ಹೆದರಬೇಡಿ ಅಂದರು. ಲಕ್ವ ಅಲ್ಲ, ಮುಖದ ಒಂದು ನರ ಊದಿಕೊಂಡಿದೆ, ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಕೊಳ್ಳುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಕೊಳಲು ನುಡಿಸಬಹುದಾ?" ಅವರು ಬರೆಯುವುದನ್ನು ನಿಲ್ಲಿಸಿ ನನ್ನ ತುಟಿಯನ್ನೇ ನೋಡಿದರು. "ನೋಡೋಣ" ಅಂದರು.

ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆದರೆ ಹದಿಮೂರನೆಯ ವಯಸ್ಸಿನಿಂದ ನನ್ನನ್ನು ನಾನು ಗುರುತಿಸಿಕೊಂಡಿದ್ದು ಕೊಳಲಿನಿಂದ. ನಮ್ಮದು ಪಿರಿಯಾಪಟ್ಟಣದ ಕಡೆಯ ತಂಬಾಕು ಬೆಳೆಯುವ ಮನೆತನ. ಹೆಣ್ಣುಮಗಳು ಕೊಳಲು ಊದುವುದು ನಮ್ಮಪ್ಪನಿಗೆ ಹಿಡಿಸಿರಲಿಲ್ಲ. "ಆಡು ಏಳ್ಕಳವ್ವ ಬೇಕಾರೆ, ಊದಾದ್ಯಾಕೆ?" ಅನ್ನುತ್ತಿದ್ದರು. ಆದರೂ ಶನಿವಾರಗಳಲ್ಲಿ ಮೈಸೂರಿಗೆ ಬಸ್ಸಿನಲ್ಲಿ ಕಳಿಸಿದರು. ನನ್ನ ಗುರುಗಳು ರೈಲ್ವೆಯಲ್ಲಿ ಗುಮಾಸ್ತರು. ನನ್ನ ಉಸಿರು ಉದ್ದ ಎಂದು ಮೊದಲು ಹೇಳಿದವರು ಅವರೇ. ಆ ಒಂದು ಮಾತಿನ ಮೇಲೆ ನಾನು ಸುಮಾರು ನಲವತ್ತು ವರ್ಷ ಬದುಕಿದ್ದೆ ಅನ್ನಬಹುದು.

ಮಾತ್ರೆ ಮುಗಿಯಿತು, ಸಂಕ್ರಾಂತಿ ಕಳೆಯಿತು. ಕಣ್ಣು ಮುಚ್ಚಲು ಬಂತು, ಹುಬ್ಬು ಏರಲು ಬಂತು. ತುಟಿಯ ಎಡತುದಿ ಮಾತ್ರ ಬರಲಿಲ್ಲ. ಕೊಳಲು ಹಿಡಿದರೆ ಅರ್ಧ ಗಾಳಿ ಅಲ್ಲೇ ಸೋರಿ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ಶಿಷ್ಯರಿಗೆ ಹಾಡಿ ತೋರಿಸೋಣವೆಂದರೆ ಅದೂ ಆಗುತ್ತಿರಲಿಲ್ಲ. ಸ ರಿ ಗ ಸಲೀಸಾಗಿ ಬರುತ್ತಿತ್ತು. ಪ ಮತ್ತು ಮ ಹೇಳಲು ಎರಡು ತುಟಿ ಕೂಡಬೇಕಲ್ಲ, ಪ ಅಂದರೆ ಫ ಎಂದು ಕೇಳಿಸುತ್ತಿತ್ತು. ಶಾಲೆಯಲ್ಲಿ ಕೊರೊನಾ ಕಾಲದ ಮಾಸ್ಕ್ ಹಾಕಿಕೊಂಡು ಪಾಠ ಮಾಡಿದೆ. ನಾನು ಮನೆಯಲ್ಲಿ ನಡೆಸುವ ಭಾನುವಾರದ ಕೊಳಲಿನ ತರಗತಿಯಲ್ಲಿ ಮಾಸ್ಕ್ ಹಾಕಿಕೊಂಡು ಕೂರಲು ಆಗುತ್ತಿರಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ಕೂರುತ್ತಿದ್ದೆ.

ಆ ತರಗತಿ ನಡೆಯುತ್ತಿದ್ದುದು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ. ನನ್ನ ಗಂಡನದೂ ತಂಬಾಕಿನ ಬೇಸಾಯ, ಮೊದಲು ಅಲ್ಲಿ ಬ್ಯಾರನ್ ಎಂಬ ಹದಮಾಡುವ ಗೂಡಿನಿಂದ ಬೆಂದು ಬಂದ ತಂಬಾಕಿನ ಎಲೆ ವಿಂಗಡಿಸುತ್ತಿದ್ದರು. ಗೋಡೆಗೆ ಎಷ್ಟು ಸಲ ಸುಣ್ಣ ಹೊಡೆದರೂ ಆ ವಾಸನೆ ಹೋಗಿರಲಿಲ್ಲ. ಬರುತ್ತಿದ್ದವರು ಆರು ಜನ. ನಿವೃತ್ತ ಹೆಡ್‌ಮಾಸ್ಟರೊಬ್ಬರು, ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹುಣಸೂರು-ಹೆಗ್ಗಡದೇವನಕೋಟೆ ಬಸ್ಸಿನ ಕಂಡಕ್ಟರು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಕಾಲೇಜು ಓದುವ ಅಕ್ಕ ತಂಗಿ. ಆರನೆಯವಳು ಅದೇ ಕೋಟೆಯ ಆಸ್ಪತ್ರೆಯಲ್ಲಿ ನರ್ಸು.

ಅವಳ ಬಗ್ಗೆ ಸ್ವಲ್ಪ ಹೇಳಬೇಕು. ಅವಳ ಊರು ಅಂತರಸಂತೆ. ಹುಣಸೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಸೇರಿದಳು. ಲೆಕ್ಕ ಅವಳಿಗೆ ಅಷ್ಟಕ್ಕಷ್ಟೆ. ಒಂದು ದಿನ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ನುಡಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿ, "ಮಿಸ್, ನಂಗೂ ಏಳ್ಕೊಡ್ತೀರಾ?" ಅಂದಳು. ಹೇಳಿಕೊಟ್ಟೆ. ಅವಳು ನರ್ಸಿಂಗ್ ಓದಿ, ಕೆಲಸ ಸಿಕ್ಕಿ, ಮದುವೆಯಾಗಿ, ಎರಡು ಮಕ್ಕಳಾದ ಮೇಲೂ ಭಾನುವಾರದ ಪಾಠ ಬಿಡಲಿಲ್ಲ. ನನಗೆ ಮುಖ ವಾಲಿದೆ ಎಂದು ಗೊತ್ತಾದ ಮರುದಿನವೇ ಬಸ್ಸು ಹತ್ತಿ ಬಂದಳು. ಕಣ್ಣಿಗೆ ಹನಿ ಹಾಕುವುದು, ಮಲಗುವಾಗ ರೆಪ್ಪೆ ತೆರೆದುಕೊಳ್ಳದ ಹಾಗೆ ಟೇಪು ಅಂಟಿಸುವುದು, ಎಲ್ಲವನ್ನೂ ನನ್ನ ಗಂಡನಿಗೆ ತೋರಿಸಿಕೊಟ್ಟಳು. "ಕಣ್ಣು ಒಣಗದಂಗೆ ನೋಡ್ಕಳಿ ಮಿಸ್. ತುಟಿ ನಿಧಾನ್ಕೆ ಬತ್ತದೆ" ಎಂದು ನನ್ನ ಗಲ್ಲ ಹಿಡಿದು ಹೇಳಿದಳು. ಯಾರೋ ಸಣ್ಣ ಮಗುವಿಗೆ ಹೇಳುವ ಹಾಗೆ. ಅವತ್ತು ನನಗೆ ಅದು ಹಿತವಾಗಿತ್ತು.

ಕಾಯಿಲೆಗೆ ಮುಂಚೆಯೇ ಕೆ.ಆರ್. ನಗರದ ಒಂದು ಸಣ್ಣ ಸಂಗೀತ ಸಂಘದವರಿಗೆ ಯುಗಾದಿ ಕಳೆದ ಮೇಲೆ ನುಡಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಆಗುವುದಿಲ್ಲ ಎಂದು ಹೇಳಲು ಕಾರ್ಯದರ್ಶಿಗೆ ಫೋನು ಮಾಡಿದೆ.

"ಅಯ್ಯಯ್ಯೋ, ನಿಮ್ದೇ ಕಚೇರಿ ಅಂತ ಎಲ್ಲರ್ಗೂ ಹೇಳ್ಬುಟ್ಟಿದೀವಲ್ಲ ಮೇಡಂ" ಅಂದರು ಅವರು.

ಯಾಕೆ ಹೇಳಿದೆನೋ, "ನಾನು ನುಡಿಸಲ್ಲ, ನಾನು ಬರೆದದ್ದನ್ನ ನನ್ನ ಶಿಷ್ಯರು ನುಡಿಸ್ತಾರೆ" ಅಂದುಬಿಟ್ಟೆ. ಹೊಸ ರಚನೆ, ಒಂದು ಒಂಟಿ ಕೊಳಲು, ಅದರ ಹಿಂದೆ ಐದು ಕೊಳಲು. ಆ ಕ್ಷಣದವರೆಗೆ ನಾನು ಒಂದು ಸಾಲನ್ನೂ ರಚಿಸಿದವಳಲ್ಲ. ಬೇರೆಯವರು ಮಾಡಿಟ್ಟದ್ದನ್ನು ನುಡಿಸಿದವಳು, ಅಷ್ಟೆ. ಅವರು ಖುಷಿಯಾಗಿ ಫೋನಿಟ್ಟರು.

ಶುಭಪಂತುವರಾಳಿ ರಾಗ ಹಿಡಿದೆ. ಸಂಕಟದ ರಾಗ ಅನ್ನುತ್ತಾರೆ ಅದನ್ನು. ನಾನು ಆರಿಸಿದ್ದಲ್ಲ, ಆ ದಿನಗಳಲ್ಲಿ ಬೇರೇನೂ ತಲೆಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಉಳಿದ ಖಾಲಿ ಉತ್ತರಪತ್ರಿಕೆಗಳನ್ನು ತಂದು, ಬೆಳಗಿನ ಅಡುಗೆ ಮುಗಿಸಿ, ಶಾಲೆಗೆ ಹೊರಡುವವರೆಗೆ ಸ್ವರ ಬರೆಯುತ್ತಿದ್ದೆ. ಕೊಳಲನ್ನು ಬಾಯಿಗೆ ತಾಗಿಸದೆ ಗಲ್ಲದ ಕೆಳಗೆ ಹಿಡಿದು ಬೆರಳು ಮಾತ್ರ ಆಡಿಸುತ್ತಿದ್ದೆ. ಶಬ್ದ ತಲೆಯೊಳಗೆ. ಮೊದಲ ಭಾಗದಲ್ಲಿ ಒಂಟಿ ಕೊಳಲು ಒಂದೇ. ಎರಡನೆಯದರಲ್ಲಿ ಐವರು ಒಬ್ಬೊಬ್ಬರಾಗಿ ಷಡ್ಜ ಮತ್ತು ಪಂಚಮ ಹಿಡಿದು ನಿಲ್ಲಬೇಕು. ಒಬ್ಬರ ಉಸಿರು ಮುಗಿಯುವ ಮೊದಲು ಇನ್ನೊಬ್ಬರು ಶುರುಮಾಡಬೇಕು, ಎಲ್ಲೂ ಸದ್ದು ತುಂಡಾಗಬಾರದು. ಬೀಚನಹಳ್ಳಿಯ ಕಾಲುವೆಗೆ ನೀರು ಬಿಟ್ಟಾಗ ದಂಡೆಯ ಮೇಲೆ ನಿಂತರೆ ಒಂದು ಸದ್ದು ಕೇಳುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದ್ದು. ಅದು ನನಗೆ ಬೇಕಿತ್ತು. ಈ ಎರಡು ಭಾಗ ಬರೆಯುವಾಗ ನಾನು ನಿಜಕ್ಕೂ ಸಂತೋಷವಾಗಿದ್ದೆ. ಒಲೆಯ ಮೇಲಿನ ಹಾಲು ಎರಡು ಸಲ ಉಕ್ಕಿ ಹೋಯಿತು. ನನ್ನ ಗಂಡ ಒಲೆ ಒರೆಸಿದರು.

ಮೂರನೆಯದೂ ಹೇಗೋ ಮುಗಿಯಿತು. ತೊಂದರೆ ನಾಲ್ಕನೆಯ ಭಾಗದಲ್ಲಿ. ಅಲ್ಲಿ ಒಂಟಿ ಕೊಳಲು ಮೇಲಿನ ಷಡ್ಜದಿಂದ ಹೊರಟು, ಸುತ್ತಿ ಬಳಸಿ ಕೆಳಗಿನ ಪಂಚಮಕ್ಕೆ ಇಳಿಯುತ್ತದೆ. ಮೂರು ಆವರ್ತನದ, ಅಂದರೆ ತಾಳದ ಮೂರು ಪೂರ್ತಿ ಸುತ್ತಿನ ಉದ್ದದ ಸಾಲು, ನಿಧಾನ ಕಾಲದಲ್ಲಿ, ಒಂದೇ ಉಸಿರಿನಲ್ಲಿ. ನನ್ನ ಉಸಿರು ಗಟ್ಟಿಯಾಗಿದ್ದ ಕಾಲದಲ್ಲೂ ಎರಡೂವರೆ ಆವರ್ತನ ದಾಟಿದ್ದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಬರೆಯುವಾಗ ರಾಗಕ್ಕೆ ಅದು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಒಂಟಿ ಕೊಳಲು ನರ್ಸಿಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬೇರೆ ಯಾರಿಗೂ ಅದು ಸಾಧ್ಯವಿರಲಿಲ್ಲ. ಫೆಬ್ರುವರಿಯ ಒಂದು ಭಾನುವಾರ ಹಾಳೆಗಳನ್ನು ಹಂಚಿದೆ. ಅವಳು ತನ್ನದನ್ನು ಮೊದಲಿಂದ ಕೊನೆವರೆಗೆ ಬೆರಳಾಡಿಸಿ ನೋಡಿ, ನಾಲ್ಕನೆಯ ಭಾಗಕ್ಕೆ ಬಂದು ನಿಂತಳು.

"ಮಿಸ್, ಇಲ್ಲಿ ಉಸ್ರು ಎಲ್ಲಿ ತಗಳನ?"

"ತಗೋಬಾರದು."

"ಮೂರು ಆವರ್ತನ ಅದೆ ಮಿಸ್."

"ಹೌದು."

ಅವಳು ತಲೆಯಾಡಿಸಿದಳು. ಎರಡು ವಾರ ಪ್ರಯತ್ನಪಟ್ಟಳು. ಪ್ರತಿ ಸಲವೂ ಮೂರನೆಯ ಆವರ್ತನದ ಮಧ್ಯಕ್ಕೆ ಬರುವಷ್ಟರಲ್ಲಿ ಸದ್ದು ಸಣ್ಣಗಾಗಿ ಕುತ್ತಿಗೆಯ ನರ ಉಬ್ಬುತ್ತಿತ್ತು. ಆಮೇಲೆ ಅವಳು ಪೆನ್ಸಿಲು ತೆಗೆದುಕೊಂಡು ಎರಡನೆಯ ಆವರ್ತನದಲ್ಲಿ, ಧೈವತದ ಪಕ್ಕದಲ್ಲಿ, ಸಣ್ಣದೊಂದು ಅಲ್ಪವಿರಾಮ ಹಾಕಿಕೊಂಡಳು. ಉಸಿರು ತೆಗೆದುಕೊಳ್ಳುವ ಗುರುತು. ನನ್ನನ್ನು ಕೇಳಲಿಲ್ಲ. ಅದು ಸರಿಯಾದ ಜಾಗವೇ ಆಗಿತ್ತು. ಎಲ್ಲರೂ ಕಾಫಿಗೆಂದು ಕೆಳಗಿಳಿದಾಗ ನಾನು ಹಿಂದೆ ಉಳಿದೆ. ಅಕ್ಕ ತಂಗಿಯರ ಪೌಚಿನಿಂದ ರಬ್ಬರು ತೆಗೆದುಕೊಂಡು ಅದನ್ನು ಅಳಿಸಿದೆ. ಐವತ್ತು ದಾಟಿದ ಹೆಂಗಸು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಕದ್ದು ಒಂದು ಗುರುತನ್ನು ಅಳಿಸಿ, ಏನೂ ಆಗದವಳ ಹಾಗೆ ಕೆಳಗೆ ಹೋಗಿ ಎಲ್ಲರ ಜೊತೆ ಚಕ್ಕುಲಿ ತಿಂದೆ.

ಮುಂದಿನ ವಾರ ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು, ಕೊಳಲೆತ್ತಿ ನುಡಿಸಿದಳು. ಮತ್ತೆ ಅದೇ ಜಾಗದಲ್ಲಿ ಉಸಿರು ಕಟ್ಟಿತು. "ಅಭ್ಯಾಸ ಸಾಲದು" ಅಂದೆ.

ಮೂರು ವಾರ ಕಳೆದವು. ಮಾರ್ಚಿನ ಕೊನೆಯ ಭಾನುವಾರ ಅವಳು ಬಂದು ಕೂತು, ಐವರಿಗೂ ಶುರುಮಾಡಿ ಎಂದು ಕಣ್ಣಿನಲ್ಲೇ ಹೇಳಿ, ನಾಲ್ಕನೆಯ ಭಾಗಕ್ಕೆ ಬಂದಾಗ ಮೂರೂ ಆವರ್ತನವನ್ನು ಒಂದೇ ಉಸಿರಿನಲ್ಲಿ ನುಡಿಸಿ ಕೆಳಗಿನ ಪಂಚಮದ ಮೇಲೆ ನಿಂತಳು. ಸದ್ದು ನಡುಗಲಿಲ್ಲ, ಸಣ್ಣಗಾಗಲಿಲ್ಲ. ನಿಂತು, ಇನ್ನೂ ಸ್ವಲ್ಪ ಉಸಿರು ಉಳಿದಿರುವ ಹಾಗೆ ನಿಧಾನವಾಗಿ ಬಿಟ್ಟಳು.

ಕಂಡಕ್ಟರು ಕೊಳಲು ತೊಡೆಯ ಮೇಲಿಟ್ಟು, "ಅಬ್ಬಬ್ಬಾ! ಏನವ್ವಾ ಇದು!" ಎಂದು ಚಪ್ಪಾಳೆ ತಟ್ಟಿದರು. ಹೊಲಿಗೆಯವಳ ಕಣ್ಣಲ್ಲಿ ನೀರು. ನುಡಿಸಿದವಳು ಮುಖ ಕೆಂಪಾಗಿ, ನಗುತ್ತಾ, ನನ್ನ ಕಡೆ ತಿರುಗಿದಳು. ಹದಿಮೂರು ವರ್ಷದ ಹುಡುಗಿ ಲೆಕ್ಕ ಸರಿಯಾಗಿ ಬಿಡಿಸಿ ಪುಸ್ತಕ ತೋರಿಸುವ ಹಾಗೆ.

ನಾನು ಬರೆದದ್ದು ಮೊದಲ ಬಾರಿಗೆ ಪೂರ್ತಿಯಾಗಿ ಹೊರಗೆ ಕೇಳಿತ್ತು. ನನ್ನ ಕೈಲಿ ಯಾವತ್ತೂ ಆಗದ್ದನ್ನು ನಾನು ಕಲಿಸಿದವಳು ಮಾಡಿದ್ದಳು. ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಅವಳು ಸೋಲಲಿ ಎಂದು ನಾನು ಕಾದಿದ್ದೆ ಅನ್ನುವುದು ಆಗ ಗೊತ್ತಾಯಿತು.

"ಉಸಿರಿದೆ. ರಾಗ ಎಲ್ಲಿದೆ?" ಅಂದೆ.

ಅವಳ ನಗು ಇಳಿಯಿತು. "ಇನ್ನೊಂದ್ ದಪ ನುಡುಸ್ತೀನಿ ಮಿಸ್" ಅಂದಳು. ಇನ್ನೊಂದು ಸಲವೂ ಚೆನ್ನಾಗಿಯೇ ನುಡಿಸಿದಳು. ಗಮಕ ಯಾಂತ್ರಿಕವಾಗಿದೆ ಅಂದೆ. ಅದಾದ ಮೇಲಿನ ವಾರ ನಿಷಾದ ಶ್ರುತಿಗೆ ನಿಲ್ಲದೆ ತೂಗುತ್ತಿದೆ ಅಂದೆ. ಹಾಗೆ ಹೇಳುವಾಗೆಲ್ಲ ನನ್ನ ಸ್ವರ ತಣ್ಣಗಿರುತ್ತಿತ್ತು, ಗುರುಗಳು ನನಗೆ ಹೇಳುತ್ತಿದ್ದ ಹಾಗೆಯೇ. ಹೊರಗಿನವರಿಗೆ ಅದು ಕಟ್ಟುನಿಟ್ಟಾದ ಪಾಠ ಅನಿಸುತ್ತಿತ್ತೇನೋ. ಕಚೇರಿಗೆ ಮೂರು ವಾರ ಇರುವಾಗ, "ಒಂಟಿ ಭಾಗವನ್ನು ಮೇಷ್ಟ್ರು ನುಡಿಸಲಿ. ವಯಸ್ಸಿಗೆ ತಕ್ಕ ಅನುಭವ ಬೇಕು ಇದಕ್ಕೆ" ಅಂದುಬಿಟ್ಟೆ.

ಮೇಷ್ಟ್ರಿಗೆ ಎಪ್ಪತ್ತೊಂದು. ಅವರು ಕನ್ನಡಕ ತೆಗೆದು ಒರೆಸುತ್ತಾ, "ನನ್ನ ಕೈಲಾಗುತ್ತೇನಮ್ಮ?" ಅಂದರು. "ಎರಡು ಕಡೆ ಉಸಿರು ತಗೊಳ್ಳಿ, ಪರವಾಗಿಲ್ಲ" ಅಂದೆ. ಆ ಮಾತು ನನ್ನ ಬಾಯಿಂದ ಬಂದಾಗ ಅವಳು ತನ್ನ ಹಾಳೆಗಳನ್ನು ಜೋಡಿಸಿ ಮೇಷ್ಟ್ರ ಮುಂದಿಟ್ಟಳು. ಅವರ ಹಾಳೆಯನ್ನು ತಾನು ತೆಗೆದುಕೊಂಡು ಹಿಂದಿನ ಸಾಲಿನಲ್ಲಿ ಅಕ್ಕ ತಂಗಿಯರ ಪಕ್ಕ ಕೂತಳು. ಆ ದಿನ ಮುಗಿಯುವ ತನಕ ಷಡ್ಜ ಹಿಡಿದು ನುಡಿಸಿದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಮೇಷ್ಟ್ರು ಮೂರು ಕಡೆ ಉಸಿರು ತೆಗೆದುಕೊಂಡರೂ ಸಾಲು ಮುಗಿಯಲಿಲ್ಲ. ಕೆಮ್ಮು ಬಂತು. ನೀರು ಕುಡಿಸಿದೆವು. ಎಲ್ಲರೂ ಇಳಿದು ಹೋದ ಮೇಲೆ ಕಂಡಕ್ಟರು ಚಪ್ಪಲಿ ಮೆಟ್ಟಿಕೊಂಡು ಹಾಗೇ ನಿಂತರು.

"ಮೇಡಮ್ನೋರೆ, ತೆಪ್ಪು ತಿಳ್ಕಬ್ಯಾಡಿ. ನಂಗೆ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಬಸ್ಸಲ್ಲಿ ದಿನಾ ಜನ ನೋಡ್ತೀನಿ. ಆವಮ್ಮ ಓದ್ವಾರ ವಾಪಸ್ ಓಗೋವಾಗ ಕೋಟೆ ತಂಕ ಕಿಟಕಿ ಕಡೀಕೆ ಮಕ ತಿರುಗುಸ್ಕಂಡೇ ಕುಂತಿದ್ರು. ಟಿಕೀಟು ಕೇಳಕ್ಕೂ ನಂಗೆ ಮನಸ್ಸಾಗ್ನಿಲ್ಲ."

ನಾನು ಮೇಷ್ಟ್ರು ಕುಡಿದಿಟ್ಟ ನೀರಿನ ಲೋಟ ಎತ್ತಿಕೊಂಡೆ.

"ಅವ್ರು ಚೆಂದಾಗೇ ಊದ್ತಿದ್ರು, ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದರು.

ನನ್ನ ಗಂಡ ಹಿತ್ತಲಲ್ಲಿ ತಂಬಾಕಿನ ಸಸಿಯ ಟ್ರೇಗಳಿಗೆ ನೀರು ಚಿಮುಕಿಸುತ್ತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ಎಲ್ಲವನ್ನೂ ಹೇಳಿದೆ, ರಬ್ಬರಿನ ವಿಷಯ ಸಹ. ಅವರು ಕೊನೆಯ ಟ್ರೇ ಮುಗಿಸಿ, ಕ್ಯಾನು ಕೆಳಗಿಟ್ಟು, "ನಂಗ್ಯಾಕೆ ಏಳ್ತಿದ್ದೀಯ ಇದ್ನ? ಯಾರ್ಗೆ ಏಳ್ಬೇಕೋ ಅವ್ಳ್ಗೇಳು" ಅಂದರು.

ಶಾಲೆಗೆ ಬೇಸಿಗೆ ರಜೆ ಶುರುವಾಗಿತ್ತು. ಮಂಗಳವಾರ ಕೋಟೆಯ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಕೇಳಿದರೆ ಅವಳು ರಜೆ ಹಾಕಿ ಮಕ್ಕಳ ಜೊತೆ ತಾಯಿಯ ಮನೆಗೆ ಹೋಗಿದ್ದಾಳೆ ಅಂದರು. ಅಂತರಸಂತೆಗೆ ಇನ್ನೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಾಯಿಲೆಯಿಂದ ಮನಸ್ಸು ಸರಿಯಿರಲಿಲ್ಲ, ಔಷಧಿಯ ಪ್ರಭಾವ, ಕಚೇರಿಯ ಒತ್ತಡ. ಎಲ್ಲವೂ ಅರ್ಧ ನಿಜ. ಊರು ಬಂದಾಗ ಅವೆಲ್ಲ ಬೇಡ ಅನಿಸಿತು.

ಬಾಗಿಲಲ್ಲಿ ಅವಳ ತಾಯಿ ಅವರೆಕಾಳು ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಮೊರವನ್ನು ಹಾಗೇ ಬಿಟ್ಟು ಎದ್ದರು. "ಅಯ್ಯೋ, ಮಿಸ್ಸಮ್ನೋರು! ಬನ್ನಿ ಬನ್ನಿ, ಬಿಸ್ಲಲ್ಲಿ ಬಂದಿದ್ದೀರಲ್ಲ" ಎಂದು ಚಾಪೆ ಹಾಸಿ ಮಜ್ಜಿಗೆ ತಂದುಕೊಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. "ನೀವೇನೋ ಪದ ಬರ್ದಿದ್ದೀರಂತಲ್ಲ? ಓದ್ತಿಂಗ್ಳು ರಜಕ್ಕೆ ಬಂದಾಗೆಲ್ಲ ಅದೇಯ. ಒತ್ತಾರೆನೆ ಎದ್ದು ಒಲದ್ತಾಕೆ ಓಗಿ ಆನೆ ಟ್ರೆಂಚ್ ಪಕ್ಕ ನಿಂತ್ಕಂಡು ಊದೋಳು. ಬ್ಯಾಡ ಕಣವ್ವ, ಅಲ್ಲಿ ಆನೆ ಬತ್ತವೆ ಅಂದ್ರೆ, ಮನೇಲಿ ಮಕ್ಕ ಮಲಗವೆ, ಮಿಸ್ ಏಳವ್ರೆ ಒಂದೇ ಉಸ್ರಲ್ಲಿ ಬರ್ಬೇಕು ಅಂತ, ಅನ್ನೋಳು. ನೀವು ಏಳುದ್ರೆ ಅವ್ಳ್ಗೆ ವೇದವಾಕ್ಯ."

ಮಜ್ಜಿಗೆ ನನ್ನ ತುಟಿಯ ಎಡಗಡೆಯಿಂದ ಸೋರಿತು. ಸೆರಗಿನಿಂದ ಒರೆಸಿಕೊಂಡೆ. ಅವರು ನೋಡಿಯೂ ನೋಡದ ಹಾಗೆ ಮೊರದ ಕಡೆ ತಿರುಗಿದರು.

ಅವಳು ಕೊಟ್ಟಿಗೆಯ ಕಡೆಯಿಂದ ಬಂದಳು. ನನ್ನನ್ನು ಕಂಡು ನಿಂತಳು. "ಬನ್ನಿ ಮಿಸ್" ಅಂದು ಹೊಲದ ಕಡೆ ನಡೆದಳು. ಬೇಲಿಯಾಚೆ ಕಾಡು, ಈಚೆ ಆನೆ ಬಾರದಿರಲೆಂದು ತೋಡಿದ ಆಳದ ಕಂದಕ. ಅದರ ಪಕ್ಕದ ಹೊಂಗೆಯ ನೆರಳಿನಲ್ಲಿ ನಿಂತೆವು.

"ನಿನ್ನ ಗುರುತು ಅಳಿಸಿದ್ದು ನಾನೇ" ಅಂದೆ.

"ಗೊತ್ತು ಮಿಸ್. ರಬ್ಬರ್ ಪುಡಿ ಆಳೆ ಮೇಲೇ ಇತ್ತು."

"ನೀನು ಚೆನ್ನಾಗಿ ನುಡಿಸಿದೆ. ನಾನು ಹೇಳಿದ ತಪ್ಪು ಯಾವುದೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚು ಕಣೆ. ನನ್ನ ಬಾಯಲ್ಲಿ ಆಗದ್ದು ನಿನ್ನ ಬಾಯಲ್ಲಿ ಆಯ್ತಲ್ಲ ಅಂತ."

ಅವಳು ಕಂದಕದ ಆಚೆ ನೋಡಿದಳು. ಮಾತಾಡಿದಾಗ ಅವಳ ದನಿ ಸಣ್ಣಗಿತ್ತು.

"ನಿಮ್ಗೆ ಉಸಾರಿಲ್ದಾಗ ಡ್ಯೂಟಿ ಬದ್ಲಾಯಿಸ್ಕಂಡು ಬಂದಿದ್ದೆ ಮಿಸ್. ನಿಮ್ಮ ಕಣ್ಣಿಗೆ ಟೇಪ್ ಆಕ್ತಾ ಇದ್ದಾಗ ನಂಗೆ ಕೈ ನಡುಗ್ತಿತ್ತು. ದಿನಾ ಎಷ್ಟು ಜನಕ್ಕೆ ಸೂಜಿ ಚುಚ್ತೀನಿ, ನಡುಗಲ್ಲ. ಅವತ್ತು ನಡುಗ್ತು. ಈ ಸಾಲ್ನ ನಾನು ಯಾಕೆ ಕಲ್ತೆ ಗೊತ್ತಾ? ನಿಮ್ಗೆ ಊದಕ್ಕಾಗ್ತಿಲ್ವಲ್ಲ, ನಿಮ್ಮ ಉಸ್ರು ಹಿಂಗಿತ್ತು ಅಂತ ಜನಕ್ಕೆ ಕೇಳುಸ್ಲಿ ಅಂತ."

ನನ್ನ ಉಸಿರು ಹಾಗಿರಲಿಲ್ಲ, ಅದು ಅವಳದೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕ್ಷಮಿಸು ಅಂದೆ. ಪ್ರಾಯಶಃ ಜೀವನದಲ್ಲಿ ಶಿಷ್ಯರೊಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ಕಚೇರಿಗೆ ನುಡುಸ್ತೀನಿ" ಅಂದಳು ಅವಳು. "ಮೇಷ್ಟ್ರಿಗೆ ಕಷ್ಟ ಆಯ್ತದೆ. ಉಸ್ರು ಮಾತ್ರ ನಂಗೆ ಎಲ್ಲಿ ಬೇಕೋ ಅಲ್ಲಿ ತಗತೀನಿ. ಆಮೇಕೆ ಕ್ಲಾಸ್ಗೆ ಬರಾಕಿಲ್ಲ ಮಿಸ್. ನೀವು ಬೇಜಾರು ಮಾಡ್ಕಬಾರ್ದು."

ಬೇಜಾರು ಮಾಡಿಕೊಳ್ಳಬಾರದು ಎಂದು ನನಗೆ ಅವಳೇ ಸಮಾಧಾನ ಹೇಳುತ್ತಿದ್ದಳು. ತಾಯಿ ಊಟ ಮಾಡಿಕೊಂಡೇ ಹೋಗಬೇಕು ಎಂದು ಹಟ ಹಿಡಿದರು. ರಾಗಿಮುದ್ದೆ, ಹುಳಿ ಬಡಿಸಿದರು. ಅವಳು ನನ್ನ ಎದುರು ಕೂತು, ಮುದ್ದೆಯನ್ನು ಸಣ್ಣ ಸಣ್ಣದಾಗಿ ಮುರಿದು ಬಲಗಡೆಯಿಂದ ತಿನ್ನಿ ಮಿಸ್ ಅಂದಳು. ಬಸ್ಸಿನವರೆಗೆ ಬಂದು ಕೂರಿಸಿ ಹೋದಳು.

ಕೆ.ಆರ್. ನಗರದ ಆ ಸಂಜೆ ಒಂದು ಸಣ್ಣ ಛತ್ರದ ಹಾಲಿನಲ್ಲಿ ನಡೆಯಿತು. ಸೆಕೆ. ಫ್ಯಾನಿನ ಗಾಳಿ ಕೊಳಲಿನ ಬಾಯಿಗೆ ಹೊಡೆಯುತ್ತದೆ ಎಂದು ಆರಿಸಬೇಕಾಯಿತು. ಜನ ಕೈಪತ್ರ ಬೀಸಿಕೊಳ್ಳುತ್ತಾ ಕೂತರು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಾಳ ಹಾಕಿದೆ. ಎರಡನೆಯ ಭಾಗದಲ್ಲಿ ಅಕ್ಕ ತಂಗಿಯರು ಅರ್ಧ ಆವರ್ತನ ಮೊದಲೇ ಶುರುಮಾಡಿದರು, ಹೊಲಿಗೆಯವಳ ಕೊಳಲು ಬೆವರಿಗೆ ಜಾರಿ ಒಂದು ಅಪಸ್ವರ ಬಂತು. ಕಾಲುವೆಯ ನೀರು ಒಂದೆರಡು ಕಡೆ ತುಂಡಾಯಿತು. ನಾಲ್ಕನೆಯ ಭಾಗ ಬಂತು. ಅವಳು ಧೈವತದ ಪಕ್ಕದಲ್ಲಿ ಉಸಿರು ತೆಗೆದುಕೊಳ್ಳಲಿಲ್ಲ. ಅದನ್ನು ದಾಟಿ, ಮೂರನೆಯ ಆವರ್ತನದ ಮೊದಲಲ್ಲಿ, ಯಾರೂ ನಿಲ್ಲಿಸದ ಒಂದು ಜಾಗದಲ್ಲಿ ಕೊಳಲನ್ನು ತುಟಿಯಿಂದ ಪೂರ್ತಿ ತೆಗೆದಳು. ಎಲ್ಲರಿಗೂ ಕಾಣುವ ಹಾಗೆ ಉಸಿರು ಎಳೆದುಕೊಂಡಳು. ಆ ಖಾಲಿಯಲ್ಲಿ ಹಿಂದಿನ ಐದು ಕೊಳಲು ಕೇಳಿದವು, ಮೇಷ್ಟ್ರದು ಸ್ವಲ್ಪ ನಡುಗುತ್ತಾ. ಆಮೇಲೆ ಅವಳು ಮುಂದುವರಿಸಿ ಕೆಳಗಿನ ಪಂಚಮಕ್ಕೆ ಇಳಿದಳು.

ಅದು ಚೆನ್ನಾಗಿತ್ತು ಎಂದು ಈಗ ಹೇಳಬಲ್ಲೆ. ಆಗ ನನಗೆ ಅನಿಸಿದ್ದು, ಅವಳು ನನಗೆ ಎದುರಾಗಿ ಹಾಗೆ ಮಾಡಿದಳು ಎಂದು. ಎರಡೂ ನಿಜವಿರಬಹುದು.

ಚಪ್ಪಾಳೆ ಬಂತು. ಕಾರ್ಯದರ್ಶಿಗಳು ನನ್ನನ್ನು ವೇದಿಕೆಯ ನಡುವೆ ನಿಲ್ಲಿಸಿ ಶಾಲು ಹೊದಿಸಿದರು. ಇಂಥ ರಚನೆ ನಮ್ಮ ಕಡೆ ಯಾರೂ ಮಾಡಿರಲಿಲ್ಲ ಅಂದರು. ನುಡಿಸಿದವಳ ಹೆಸರನ್ನು ಅವರು ಹೇಳಲೇ ಇಲ್ಲ. ಮೈಕನ್ನು ನನ್ನ ಕೈಗೆ ಕೊಟ್ಟು, "ಎರಡು ಮಾತು, ಮೇಡಂ" ಅಂದರು. ಹೇಳಬೇಕಾದ್ದು ಏನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಸರಿಯಾಗಿ ಕೂಡದ ತುಟಿಯಿಂದ ಬರುವ ನನ್ನ ಮಾತು ಅಷ್ಟು ದೊಡ್ಡದಾಗಿ ಹಾಲಿನಲ್ಲಿ ಕೇಳಿಸುವುದನ್ನು ನೆನೆದು ಹೆದರಿದೆ. ಕೈ ಮುಗಿದು ಮೈಕು ವಾಪಸು ಕೊಟ್ಟೆ. ವಿನಯ ಎಂದುಕೊಂಡು ಜನ ಮತ್ತೆ ಚಪ್ಪಾಳೆ ತಟ್ಟಿದರು. ಅವಳು ಹಿಂದಿನ ಸಾಲಿಗೆ ಸರಿದು ಕೊಳಲನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕುತ್ತಿದ್ದಳು.

ಹೊರಗೆ ಅವಳ ಗಂಡ ಮೋಟಾರ್ ಬೈಕಿನಲ್ಲಿ ಕಾಯುತ್ತಿದ್ದ. ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಎಷ್ಟೋ ವರ್ಷಗಳಿಂದ ಪ್ರತಿ ಭಾನುವಾರವೂ ಹೊರಡುವಾಗ "ಬತ್ತೀನಿ ಮಿಸ್" ಅನ್ನುತ್ತಿದ್ದವಳು ಆ ದಿನ "ಓಯ್ತೀನಿ ಮಿಸ್" ಅಂದಳು.

ಒಂದು ವರ್ಷವಾಗುತ್ತಾ ಬಂತು. ಅವಳು ತರಗತಿಗೆ ಬಂದಿಲ್ಲ. ಯುಗಾದಿಗೆ ಫೋನು ಮಾಡಿ ತುಟಿ ಹೇಗಿದೆ ಎಂದು ವಿಚಾರಿಸಿದಳು, ವ್ಯಾಯಾಮ ಬಿಡಬೇಡಿ ಅಂದಳು, ಕೊಳಲಿನ ಮಾತು ಇಬ್ಬರೂ ಎತ್ತಲಿಲ್ಲ. ರಜೆಯ ದಿನಗಳಲ್ಲಿ ಮೈಸೂರಿಗೆ ಬೇರೊಬ್ಬರ ಹತ್ತಿರ ಕಲಿಯಲು ಹೋಗುತ್ತಿದ್ದಾಳೆ ಎಂದು ಕಂಡಕ್ಟರಿಂದ ತಿಳಿಯಿತು. ತುಟಿ ಮುಕ್ಕಾಲು ಪಾಲು ಬಂದಿದೆ. ಕೆಳಗಿನ ಸ್ಥಾಯಿಯಲ್ಲಿ ಸ್ವಲ್ಪ ನುಡಿಸಬಲ್ಲೆ, ಮೇಲಕ್ಕೆ ಹೋದರೆ ಗಾಳಿ ಸೋರುತ್ತದೆ.

ಹೋದ ತಿಂಗಳು ಪಿರಿಯಾಪಟ್ಟಣದ ಒಂದು ಶಾಲೆಯವರು ಅದೇ ರಚನೆಯನ್ನು ತಮ್ಮ ಸಮಾರಂಭಕ್ಕೆ ಕೇಳಿದರು. ಒಂಟಿ ಕೊಳಲಿಗೆ ಯಾರೂ ಇಲ್ಲ ಅಂದೆ. ಮುಂದಿನ ಭಾನುವಾರ ಮಹಡಿಯ ಕೋಣೆಯಲ್ಲಿ ಆ ವಿಷಯ ಹೇಳಿದಾಗ ಅಕ್ಕ ತಂಗಿಯರಲ್ಲಿ ಅಕ್ಕ ಮೆಲ್ಲಗೆ ಕೈಯೆತ್ತಿದಳು. "ನಾನು ಟ್ರೈ ಮಾಡ್ಲಾ ಮಿಸ್?" ಅವಳ ಸ್ವರ ಚೆನ್ನಾಗಿದೆ. ಎರಡು ವರ್ಷದಲ್ಲಿ ಬಹಳ ಬೆಳೆದಿದ್ದಾಳೆ. ಅವಳ ಮುಖ ನೋಡುತ್ತಿದ್ದ ಹಾಗೆ, ಇವಳಿಗೆ ಇನ್ನೂ ಕಾಲವಿದೆ, ಈಗಲೇ ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ಗುರುವಿನ ವಿವೇಕವೋ, ಹಳೆಯದೇ ಕಿಚ್ಚೋ, ಎಷ್ಟು ಯೋಚಿಸಿದರೂ ನನಗೆ ಬೇರ್ಪಡಿಸಲು ಆಗಲಿಲ್ಲ.

"ಮಾಡು" ಅಂದೆ. ಮೇಷ್ಟ್ರ ಕಡೆ ತಿರುಗಿ, "ಆ ಭಾಗ ನೀವು ಹೇಳಿಕೊಡಿ ಮೇಷ್ಟ್ರೆ. ನಾನು ಕೊನೆಯಲ್ಲಿ ಒಂದು ಸಲ ಕೇಳ್ತೀನಿ" ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಯಾಕೆ ಎಂದು ಕೇಳದೆ, ಕನ್ನಡಕ ಹಾಕಿಕೊಂಡು ಹಾಳೆ ಬಿಡಿಸಿದರು. ನಾನು ಕಾಫಿಗೆ ಹಾಲಿಡಬೇಕು ಎಂದು ಹೇಳಿ ಮೆಟ್ಟಿಲಿಳಿದು ಬಂದೆ.